ಇಂಗ್ಲಿಷಿನ ಕೆಳಗಿನ ದನಿ

ಕ್ಯಾಸೆಟ್ಟಿನ ಮೇಲಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಒಂದೊಂದು ಬದಿಗೆ ಒಂದೊಂದು. ಹಲ್ಲು ಮುರಿದರೆ ಆ ಬದಿಯಲ್ಲಿ ಮತ್ತೆ ಯಾವ ದನಿಯನ್ನೂ ತುಂಬಲು ಬರುವುದಿಲ್ಲ. ನಮ್ಮ ಕ್ಯಾಸೆಟ್ಟಿನ ಹಲ್ಲುಗಳನ್ನು ಯಾರೂ ಮುಟ್ಟಿರಲಿಲ್ಲ. ಶಾಲೆಗಿದ್ದದ್ದು ಅದೊಂದೇ ಕ್ಯಾಸೆಟ್ಟು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಎಂ.ಎ. ಮುಗಿಸಿ ಭಂಕೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಚಿತ್ತಾಪುರದ ಮನೆಯಿಂದ ವಾಡಿಗೆ ಒಂದು ರೈಲು, ಅಲ್ಲಿಂದ ಶಹಾಬಾದಿಗೆ ಇನ್ನೊಂದು, ಆಮೇಲೆ ಟಂಟಂ ಆಟೋ. ಮಕ್ಕಳು ಪ್ರಶ್ನೋತ್ತರ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಆದರೆ ಹೆಸರು ಕೇಳಿದರೂ ಇಂಗ್ಲಿಷಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಅವರಿಂದಲೇ ರೇಡಿಯೋ ಕಾರ್ಯಕ್ರಮ ಮಾಡಿಸಲು ಶುರುಮಾಡಿದೆ. ಶಾಲೆಯ ಟೇಪ್ ರೆಕಾರ್ಡರನ್ನು ಸರದಿಯ ಮೇಲೆ ಮನೆಗೆ ಒಯ್ದು, ಮನೆಯವರೊಬ್ಬರನ್ನು ಕನ್ನಡದಲ್ಲಿ ಮಾತಾಡಿಸಿ ತುಂಬಿಕೊಂಡು ಬರಬೇಕು. ತರಗತಿಯಲ್ಲಿ ಕೂತು ಅದನ್ನು ಇಂಗ್ಲಿಷಿಗೆ ತರಬೇಕು, ಮಾತಾಡಿದವರ ಹಾಗೆಯೇ ‘ನಾನು’ ಎಂದು. ಕೊನೆಗೆ ಟೇಪು ಹಿಂದಕ್ಕೆ ಸುತ್ತಿ, ಆ ಕನ್ನಡದ ಮೇಲೆಯೇ ಇಂಗ್ಲಿಷ್ ತುಂಬಬೇಕು. ಕನ್ನಡ ಅಳಿಸಿಹೋಗುತ್ತಿತ್ತು. ಮುಂದಿನವರ ಸರದಿ ಬಂದಾಗ ಆ ಇಂಗ್ಲಿಷೂ ಅಳಿಸಿಹೋಗುತ್ತಿತ್ತು.

ದಸರಾ ರಜೆಗೆ ಮುಂಚೆ ಕೊನೆಯ ಸರದಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯದು. ಅವಳ ಅಪ್ಪ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವನು. ಅವನ ಮಾತನ್ನು ಅವಳು ಇಂಗ್ಲಿಷಿಗೆ ತಂದಾಗ ಮೊದಲ ವಾಕ್ಯ ‘ಐ ಆ್ಯಮ್ ಬೀಟಿಂಗ್ ಸ್ಟೋನ್’ ಎಂದಾಯಿತು. ಅವರ ಮನೆಯಲ್ಲಿ ಕಲ್ಲು ಹೊಡೆಯುವುದು ಎನ್ನುತ್ತಿದ್ದರು.

“ಕಲ್ಲಿಗ್ಯಾಕ ಹೊಡಿತಾನ ನಿಮ್ಮಪ್ಪ? ಅದೇನ್ ಮಾಡ್ಯಾದ ಪಾಪ?” ಎಂದಳು ಪಕ್ಕದವಳು.

“ಹೊಡೀಲಿಲ್ಲಂದ್ರ ಪಗಾರ ನಿಮ್ಮಪ್ಪ ಕೊಡ್ತಾನೇನು?”

ತರಗತಿ ನಕ್ಕಿತು. ‘ಬ್ರೇಕಿಂಗ್’ ಎಂದು ತಿದ್ದಿದೆ. ತಲೆಯಾಡಿಸಿದಳು, ತುಂಬುವಾಗ ಮತ್ತೆ ‘ಬೀಟಿಂಗ್’ ಎಂದೇ ಓದಿದಳು.

ರಜೆಯಲ್ಲಿ ಅವಳ ಅಪ್ಪ ತೀರಿಕೊಂಡ. ಬಹಳ ದಿನದಿಂದ ಎದೆಯಲ್ಲಿ ಧೂಳು ಕಟ್ಟಿತ್ತಂತೆ. ಗುಲಬರ್ಗಾದ ದೊಡ್ಡ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ. ಶಾಲೆ ಮತ್ತೆ ಆರಂಭವಾದ ದಿನ ಸಂಜೆ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಳು. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ಅಪ್ಪ ಮಾತಾಡಿದ್ದು ಶಾಲೆಯ ಟೇಪಿನ ಡಬ್ಬಿಯಲ್ಲಿದೆ ಎಂದು ಕಿರಿಯ ಮಗಳು ನೆನಪು ಮಾಡಿದ್ದಳಂತೆ. ತಾಯಿ ಒಮ್ಮೆ ಅವನ ದನಿ ಕೇಳಬೇಕೆಂದು ಬಂದಿದ್ದರು. ಹುಡುಗಿ ನನ್ನ ಮುಖ ನೋಡಲಿಲ್ಲ. ಟೇಪಿನಲ್ಲಿ ಏನಿದೆಯೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕುರ್ಚಿ ಕೊಟ್ಟರೂ ತಾಯಿ ನೆಲದ ಮೇಲೆಯೇ ಕುಳಿತರು. ಅದೂ ಫರಸಿಯ ನೆಲ. ಗುಂಡಿ ಒತ್ತಿದೆ. ಮಗಳ ದನಿ ಬಂತು. ಐ ಆ್ಯಮ್ ಬೀಟಿಂಗ್ ಸ್ಟೋನ್. ಐ ಹ್ಯಾವ್ ಟೂ ಡಾಟರ್ಸ್. ಮೈ ಚೆಸ್ಟ್ ಈಸ್ ಪೇನಿಂಗ್.

ತಾಯಿ ಮಗಳ ಕಡೆ ತಿರುಗಿದರು.

“ಇದು ನಿಂದು ದನಿ ಅಲ್ಲೇನು?”

“ಮಾತು ಅಪ್ಪಂದವ್ವ. ಇಂಗ್ಲಿಷಿನ್ಯಾಗ ಅದ.”

“ಅವಗ ಇಂಗ್ಲಿಷ್ ಎಲ್ಲಿ ಬರ್ತಿತ್ತು?”

ಹುಡುಗಿ ಗೋಡೆಗೆ ಮುಖ ಮಾಡಿ ನಿಂತಳು. ಅವನ ಮಾತು ಇದರ ಕೆಳಗಿತ್ತು, ಈಗ ಇಲ್ಲ ಎಂದು ವಿವರಿಸಲು ನಾನು ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಟೇಪಿನಲ್ಲಿ ‘ಥ್ಯಾಂಕ್ ಯೂ’ ಎಂದಿತು, ಟಕ್ಕೆಂದು ಸದ್ದಾಯಿತು. ಯಂತ್ರ ನಿಲ್ಲಿಸಲು ಕೈ ಚಾಚಿದೆ.

ಆಗ ಕೆಮ್ಮು ಕೇಳಿತು. ಒಣಗಿದ, ಉದ್ದದ ಕೆಮ್ಮು. ಅದು ಇಳಿದ ಮೇಲೆ ಗಂಡಸಿನ ದನಿ, “ಸಾಕು, ಬಂದ್ ಮಾಡವ್ವ.” ಮತ್ತೆ ಏನೂ ಇಲ್ಲ.

ಅವಳ ಇಂಗ್ಲಿಷ್ ಅಪ್ಪನ ಕನ್ನಡಕ್ಕಿಂತ ಚಿಕ್ಕದಾಗಿತ್ತು. ಕೊನೆಯ ಇಷ್ಟು ಅದರಡಿ ಸಿಗದೆ ಉಳಿದುಕೊಂಡಿತ್ತು.

ತಾಯಿ ಅಳಲಿಲ್ಲ. ಇನ್ನೊಮ್ಮೆ ಹಚ್ಚಲು ಕೇಳಿದರು. ಇಂಗ್ಲಿಷ್ ದಾಟಿಸಿ ಕೆಮ್ಮಿನಿಂದ ಹಚ್ಚಿದೆ. ಮತ್ತೆ ಕೇಳಿದರು, ಮತ್ತೆ ಹಚ್ಚಿದೆ. ಹೊರಡುವಾಗ ಕ್ಯಾಸೆಟ್ಟನ್ನು ತೆಗೆದು ಅವರ ಕೈಗಿಡಲು ಹೋದೆ. ಅವರು ಹಿಂದೆ ಸರಿದರು.

“ಬ್ಯಾಡ್ರಿ ಟೀಚರ್ರೀ. ಮನ್ಯಾಗ ಡಬ್ಬಿ ಇಲ್ಲ, ಒಯ್ದು ಏನ್ ಮಾಡಲಿ? ಇಲ್ಲೇ ಇರ್ಲಿ. ಬರೇ ಅದರ ಮ್ಯಾಲ ಯಾರೂ ಮಾತಾಡಬಾರದು, ಅಷ್ಟ ನೋಡ್ಕೋರಿ.”

ಆಯಿತು ಎಂದೆ.

ಮರುದಿನ ಬೆಳಿಗ್ಗೆ ಎಂಟನೆಯ ತರಗತಿಯವರ ಸರದಿ ಇತ್ತು. ಪ್ರಾರ್ಥನೆಗೆ ಮುಂಚೆ ಸ್ಟಾಫ್ ರೂಮಿನಲ್ಲಿ ಕೂತು, ಕೈವಾರದ ಮೊನೆಯಿಂದ ಆ ಕೆಮ್ಮಿದ್ದ ಬದಿಯ ಹಲ್ಲನ್ನು ಮುರಿದೆ. ಇನ್ನೊಂದನ್ನು ಹಾಗೇ ಬಿಟ್ಟು, ಕ್ಯಾಸೆಟ್ಟನ್ನು ಮಗುಚಿ ಹಾಕಿಕೊಂಡು ತರಗತಿಗೆ ಹೋದೆ.