ಬಟ್ಟೆಯ ಮೇಲೆ ಉಳಿದ ವಾಷರ್

ನನ್ನ ಷಡ್ಡಕ ಕಾರು ಕೊಂಡ ವರ್ಷ ನಾನು ಸರಿಯಾಗಿ ಉಂಡ ನೆನಪಿಲ್ಲ. ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವನಿಗೆ ನವುಲೆಯಲ್ಲಿ ಜಮೀನು, ಶಿವಮೊಗ್ಗದ ಪೇಟೆಯಲ್ಲಿ ಅಡಿಕೆ ವ್ಯಾಪಾರ. ನಾನು ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್, ಮನೆ ನ್ಯೂ ಟೌನಿನ ಕ್ವಾರ್ಟರ್ಸ್. ಅರವತ್ತರ ದಶಕದ ಆರಂಭ ಅದು. ಕಾರೇನೂ ಹೊಸದಲ್ಲ. ಯಾವುದೋ ಎಸ್ಟೇಟಿನ ದೊರೆ ಹದಿನೈದು ವರ್ಷ ಓಡಿಸಿ ಬಿಟ್ಟುಹೋದ ಕರಿ ಡಬ್ಬಿ. ಹೀಗೆಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಹೊಟ್ಟೆಯುರಿ ಮಾತ್ರ ಒಂದು ಚೂರೂ ತಣಿಯಲಿಲ್ಲ.

ಆ ಉರಿಗೆ ಕಾರಣವೂ ಇತ್ತು. ಶಿವಮೊಗ್ಗದ ಮಾವನ ಮನೆಯಲ್ಲಿ ಹಬ್ಬದ ಪಂಕ್ತಿಯ ಮೊದಲ ಎಲೆ ಹಿರಿಯ ಅಳಿಯನದು. ನಾಲ್ಕು ವರ್ಷ ಆ ಎಲೆಯ ಮುಂದೆ ಕೂತವನು ನಾನು. ಕಾರು ಬಂದ ವರ್ಷದ ದೀಪಾವಳಿಗೆ ಮಾವ ಆ ಎಲೆ ತೋರಿಸಿ ಷಡ್ಡಕನಿಗೆ, "ಬನ್ನಿ, ಇಲ್ಲಿ ಕೂತ್ಕೊಳ್ಳಿ. ಪಾಪ, ಕಾರು ಓಡಿಸ್ಕೊಂಡು ಬಂದು ದಣಿದಿದ್ದೀರಿ" ಎಂದರು. ನವುಲೆಯಿಂದ ಪೇಟೆಗೆ ಹೆಚ್ಚೆಂದರೆ ಮೂರು ಮೈಲಿ. ಅಷ್ಟು ದೂರ ಕೂತು ಬಂದವನಿಗೆ ದಣಿವು. ಭದ್ರಾವತಿಯಿಂದ ರೈಲಿನಲ್ಲಿ ಮಗು ಎತ್ತಿಕೊಂಡು ನಿಂತೇ ಬಂದ ನನಗೆ ದಣಿವೇ ಇಲ್ಲ! ಎರಡನೆಯ ಎಲೆಯ ಮುಂದೆ ಕೂತು ಹೋಳಿಗೆ ಮುರಿದೆ. ಮುರಿದದ್ದು ಎಲೆಯಲ್ಲೇ ಉಳಿಯಿತು.

ಹಬ್ಬ ಕಳೆದು ಎರಡು ವಾರಕ್ಕೆ, ನನಗೆ ರಜೆಯಿದ್ದ ದಿನ ನೋಡಿಕೊಂಡು, ಅದೇ ಕಾರು ನಮ್ಮ ಕ್ವಾರ್ಟರ್ಸ್ ಮುಂದೆ ಬಂದು ನಿಂತಿತು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಷಡ್ಡಕ ಇಳಿದವನೇ, "ಭಾವ, ಕನ್ನಡಿ ಲೊಡಲೊಡ ಅಂತಿದೆ. ಹಿಂದೆ ನೋಡೋಣ ಅಂದ್ರೆ ನನ್ನ ಮಂಡೀನೇ ಕಾಣುತ್ತೆ. ಶಿವಮೊಗ್ಗದಲ್ಲಿ ಯಾರ ಕೈಗೂ ಕೊಡಲಿಲ್ಲ ನೋಡಿ, ನೀವಿದ್ದೀರಲ್ಲ ಅಂತ ಬಂದೆ" ಎಂದ. ಒಳ್ಳೆಯವನು. ಅದೇ ನನಗೆ ಇನ್ನಷ್ಟು ಉರಿ. ಸೊಕ್ಕಿನವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

ಒಳಗೆ ತಲೆ ಹಾಕಿ ನೋಡಿದೆ. ಮುಂದಿನ ಗಾಜಿನ ಮೇಲುಗಡೆ, ಎರಡು ಸ್ಕ್ರೂಗಳ ಮೇಲೆ ನಿಂತ ಉದ್ದ ಕನ್ನಡಿ. ಆಯುಧಪೂಜೆಗೆ ಈ ಪುಣ್ಯಾತ್ಮ ಮೊಳಗಟ್ಟಲೆ ಚೆಂಡುಹೂವಿನ ಹಾರವನ್ನು ಅದರ ಕುತ್ತಿಗೆಗೇ ತೂಗುಹಾಕಿದ್ದ. ಆಮೇಲೆ ಪ್ರತಿ ಸೋಮವಾರವೂ ಒಂದು ಹಾರವಂತೆ. ಒಣಗಿದ ದಾರ ಇನ್ನೂ ಸುತ್ತಿಕೊಂಡಿತ್ತು. ಆ ಭಾರಕ್ಕೆ, ದಾರಿಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗದೆ ಇನ್ನೇನು? ಸಾಲದ್ದಕ್ಕೆ ಕನ್ನಡಿಯ ಗಾಜಿನ ಮೇಲೇ ಮೂರು ಬೆರಳಿನ ವಿಭೂತಿ. ಹಿಂದಿನ ಲಾರಿ ಕಾಣದಿದ್ದರೂ ಚಿಂತೆಯಿಲ್ಲ, ವಿಭೂತಿ ಅಳಿಸಬಾರದು. ನಾನೂ ಅಳಿಸಲಿಲ್ಲ. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ.

ಕೆಲಸಕ್ಕೆ ಮೊದಲು ಒಂದು ಬಿಳಿ ಬಟ್ಟೆ ಹಾಸುವುದು ನನ್ನ ಪದ್ಧತಿ. ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ತಮಿಳು ಮೇಸ್ತ್ರಿ ಹಾಕಿಕೊಟ್ಟ ಪಾಠ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲಿ ಬಟ್ಟೆಯ ಮೇಲೆ ಇಡಬೇಕು, ಬಟ್ಟೆ ಬರಿದಾದರೆ ಕೆಲಸ ಮುಗಿದಂತೆ. ಮನೆಯ ಸ್ಟವ್ ಬಿಚ್ಚಿದಾಗಲೂ ಹಾಗೆಯೇ. ಕೊನೆಗೆ ಬಟ್ಟೆ ಮಡಿಸಿ ಒಳಗಿಡುವವಳು ನನ್ನ ಹೆಂಡತಿ.

ಕನ್ನಡಿ ಇಳಿಸಿ ಬಟ್ಟೆಯ ಮೇಲಿಟ್ಟೆ. ಹಳೆಯ ಸ್ಕ್ರೂಗಳ ಎಳೆಗಳು ಸವೆದಿದ್ದವು. ಅವನ್ನು ನನ್ನ ಡಬ್ಬಕ್ಕೆ ಹಾಕಿ, ಅದರಿಂದ ಒಂದು ಸೈಜು ಹೆಚ್ಚು ದಪ್ಪದ ಎರಡು ಸ್ಕ್ರೂ, ಎರಡು ಸ್ಪ್ರಿಂಗ್ ವಾಷರ್ ತೆಗೆದು ಬಟ್ಟೆಯ ಮೇಲಿಟ್ಟೆ. ಸ್ಪ್ರಿಂಗ್ ವಾಷರ್ ಎಂದರೆ ಬಾಯಿಬಿಟ್ಟ ಬಳೆಯಂಥ ಉಕ್ಕಿನ ಚೂರು. ಸ್ಕ್ರೂವಿನ ತಲೆಯ ಕೆಳಗೆ ಅದು ಕೂತರೆ ಎಷ್ಟು ಕುಲುಕಿದರೂ ಸ್ಕ್ರೂ ಬಿಚ್ಚಿಕೊಳ್ಳುವುದಿಲ್ಲ. ಮೊದಲ ಸ್ಕ್ರೂ ವಾಷರ್ ಸಮೇತ ಬಿಗಿದೆ. ಎರಡನೆಯದಕ್ಕೆ ಮೊದಲು ಕನ್ನಡಿಯ ಓರೆ ನೋಡಲೆಂದು ಡ್ರೈವರ್ ಸೀಟಿನಲ್ಲಿ ಕೂತೆ. ಜನ್ಮದಲ್ಲಿ ಮೊದಲ ಸಲ.

ಕನ್ನಡಿ ತಿರುಗಿಸಿದಾಗ ವಿಭೂತಿಯ ಗೆರೆಗಳ ಸಂದಿನಲ್ಲಿ ನನ್ನ ಹೆಂಡತಿ ಕಂಡಳು. ಯಾವಾಗ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದಳೋ! ತೊಡೆಯ ಮೇಲೆ ಮಗು. ಚರ್ಮದ ಸೀಟನ್ನು ಅಂಗೈಯಿಂದ ಮೆಲ್ಲಗೆ ಸವರುತ್ತಾ, ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ನಾನು ಕೊಡಿಸಿದ ಯಾವ ಸೀರೆಗೂ ಆ ಮುಖ ಬಂದಿರಲಿಲ್ಲ. ಎಲೆ ಹೋದರೆ ಹೋಗಲಿ, ಈ ಮುಖವೂ ಅವನ ಕಾರಿನ ಪಾಲಾಯಿತೇ ಎಂದು ಮೈಯೆಲ್ಲ ಉರಿದುಹೋಯಿತು.

ಎರಡನೆಯ ಸ್ಕ್ರೂವನ್ನು ವಾಷರ್ ಇಲ್ಲದೆ ಹಾಕಿದೆ. ಕೊನೆಯ ಅರ್ಧ ಸುತ್ತು ಬಿಗಿಯಲೂ ಇಲ್ಲ. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಕನ್ನಡಿ ಒಂದು ಕಡೆ ಜೋತುಬೀಳಲಿ, ಮಾವನ ಮನೆಯ ಮುಂದೆ ಎಲ್ಲರೂ ನೋಡಲಿ ಅನ್ನುವುದೇ ನನ್ನ ಲೆಕ್ಕ.

ಷಡ್ಡಕ ಕಾಫಿ ಲೋಟ ಕೆಳಗಿಟ್ಟು ಬಂದ. ಕನ್ನಡಿ ಮುಟ್ಟಿ ನೋಡಿ, "ಭಾವ, ನಿಮ್ಮ ಕೈಗುಣವೇ ಬೇರೆ" ಎಂದ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಅತ್ತಿಗೆ, ಹೇಗೂ ಮಾವನ ಮನೆಗೇ ಹೋಗ್ತಿದ್ದೀನಿ, ಮಗೂನ ಕರ್ಕೊಂಡು ಬನ್ನಿ. ನಿಮ್ಮ ತಂಗಿ ಹಬ್ಬ ಆದ್ಮೇಲೆ ಬಾಣಂತನಕ್ಕೆ ಅಲ್ಲಿಗೆ ಹೋದಾಗಿಂದ ಅಕ್ಕ ಬರಲಿಲ್ಲ, ಅಕ್ಕ ಬರಲಿಲ್ಲ ಅಂತಿದ್ದಾಳೆ" ಎಂದ.

ಬೇಡವೆನ್ನಲು ಕಾರಣವಿಲ್ಲ, ಕಾರಣವನ್ನು ಹೇಳುವಂತಿಲ್ಲ. ಅವಳು ಐದು ನಿಮಿಷದಲ್ಲಿ ಸೀರೆ ಬದಲಿಸಿ ಬಂದಳು. ಹೊರಡುವ ಮುಂಚೆ ಅಭ್ಯಾಸದಂತೆ ನನ್ನ ಬಿಳಿ ಬಟ್ಟೆ ಮಡಿಸಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಷಡ್ಡಕ ಕಾರಿನ ಆ ಕಡೆ ಟೈರು ಒದ್ದು ನೋಡುತ್ತಿದ್ದ. ಅವಳು ನನ್ನ ಹತ್ತಿರ ಬಂದು ಅಂಗೈ ಬಿಡಿಸಿದಳು. ಅದರಲ್ಲಿ ವಾಷರ್ ಇತ್ತು.

"ಇದು?"

"ಹೆಚ್ಚಿಗೆ ತೆಗೆದಿದ್ದೆ" ಎಂದೆ.

"ನಿಮ್ಮ ಬಟ್ಟೆ ಮೇಲೆ ಹೆಚ್ಚಿಗೆ ಉಳಿದದ್ದು ನಾನು ಯಾವತ್ತೂ ನೋಡಿಲ್ಲ." ಅವಳ ದನಿ ಏರಲಿಲ್ಲ. "ಬೇಕಾ, ಬೇಡ್ವಾ, ನೀವೇ ಹೇಳಿ. ಬೇಡ ಅಂದ್ರೆ ಮಗೂನ ಎತ್ಕೊಂಡು ಮುಂದಿನ ಸೀಟಲ್ಲೇ ಕೂತ್ಕೋತೀನಿ, ಈ ಕನ್ನಡಿ ಕೆಳಗೇ."

ಆ ಕಾಲದಲ್ಲಿ ಪರಗಂಡಸಿನ ಪಕ್ಕ ಮುಂದಿನ ಸೀಟಿನಲ್ಲಿ ಯಾವ ಹೆಂಗಸೂ ಕೂರುತ್ತಿರಲಿಲ್ಲ. ಅವಳು ಮಾತ್ರ ಹೇಳಿದ್ದನ್ನು ಮಾಡುವವಳು. ಮಗು ಅವಳ ಬಳೆ ಹಿಡಿದು ಆಡುತ್ತಿತ್ತು. ನಾನು ವಾಷರ್ ಇಸಕೊಂಡೆ. ಅದು ಅವಳ ಕೈಯಲ್ಲಿ ಬೆಚ್ಚಗಾಗಿತ್ತು.

ಸ್ಕ್ರೂ ಬಿಚ್ಚುವುದನ್ನು ಕಂಡು ಷಡ್ಡಕ, "ಮತ್ಯಾಕೆ ಬಿಚ್ತೀರಿ ಭಾವ?" ಎಂದ.

"ಒಂದು ವಾಷರ್ ಮರೆತಿದ್ದೆ."

"ಅಯ್ಯೋ ಮಾರಾಯ್ರೆ! ಫಿಟ್ಟರಾಗಿ ನೀವೇ ಮರೆತ್ರೆ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ವಾಷರ್ ಕೂರಿಸಿ, ಕೈ ನೋಯುವಷ್ಟು ಬಿಗಿದೆ. ಅವಳು ಹಿಂದಿನ ಸೀಟಿನಲ್ಲಿ ಕೂತು ಹೋದಳು. ಕನ್ನಡಿಯೂ ಅಲುಗಾಡದೆ ಹೋಯಿತು, ಎಷ್ಟೋ ವರ್ಷ ಹಾಗೇ ಇತ್ತು. ಕಾರಿನ ಇಂಜಿನ್ ತಣ್ಣಗಾಗುವ ಮೊದಲೇ ನನ್ನ ಮರೆವಿನ ಕಥೆ ಶಿವಮೊಗ್ಗದ ಮನೆಯನ್ನೆಲ್ಲ ಸುತ್ತಿತ್ತು. ಯುಗಾದಿಯ ಊಟದಲ್ಲಿ ಮಾವ, "ಎಲ್ಲಾ ಬಡಿಸಿ ಆಯ್ತಾ, ಯಾರೂ ಏನೂ ಮರೆತಿಲ್ಲ ತಾನೆ?" ಎಂದು ನನ್ನ ಕಡೆ ನೋಡಿದರು. ಪಂಕ್ತಿಯೆಲ್ಲ ನಕ್ಕಿತು. ನಾನು ಕೂತದ್ದು ಎರಡನೆಯ ಎಲೆಯ ಮುಂದೆ. ಬಡಿಸುತ್ತಿದ್ದ ನನ್ನ ಹೆಂಡತಿ ನಗಲಿಲ್ಲ. ತುಪ್ಪದ ಮಿಳ್ಳೆ ಹಿಡಿದು ಮುಂದಿನ ಎಲೆಗೆ ಹೋದಳು.

ಅದು ಮರೆವಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ. ಯಾರಿಗೂ ಹೇಳಲಿಲ್ಲ, ನನ್ನ ಹತ್ತಿರವೂ ಆ ಮಾತು ಮತ್ತೆ ಎತ್ತಲಿಲ್ಲ. ಆದರೆ ಅಂದಿನಿಂದ ನಾನು ಮನೆಯಲ್ಲಿ ಏನು ಬಿಚ್ಚಿ ಜೋಡಿಸಿದರೂ, ಬಟ್ಟೆ ಮಡಿಸುವ ಮೊದಲು ಒಮ್ಮೆ ಕೊಡವಿ ನೋಡುತ್ತಾಳೆ.