ಲೀಟರಿಗೆ ಆರು ಕಿಲೋಮೀಟರ್

ಹೂಡಿಯ ಪಿಳ್ಳಾರೆಡ್ಡಿಯವರು ಬಿಳಿ ಪಂಚೆಯನ್ನು ಮಂಡಿಗೆತ್ತಿ ಕಟ್ಟಿ, ತಮ್ಮ ಏಳು ಸೀಟಿನ ದೊಡ್ಡ ಕಾರನ್ನು ಎತ್ತಿನ ಗಾಡಿ ಹತ್ತಿದ ಹಾಗೆ ಚಂಗನೆ ಹತ್ತಿ ಕೂರುತ್ತಾರೆ. ದಾರಿಯಲ್ಲಿ ಯಾರು ನಮಸ್ಕಾರ ಹೇಳಿದರೂ ನಿಲ್ಲಿಸಿ, ಕ್ಷೇಮ ವಿಚಾರಿಸಿ, "ಲೀಟ್ರಿಗೆ ಆರೇ ಕಿಲೋಮೀಟ್ರು ಕಣಪ್ಪ" ಎಂದು ಅಳಲು ತೋಡಿಕೊಳ್ಳುತ್ತಾರೆ. ಅಷ್ಟು ಹೊತ್ತೂ ಇಂಜಿನ್ನು, ಎಸಿ ಎರಡೂ ಓಡುತ್ತಲೇ ಇರುತ್ತವೆ. ಮೈಲೇಜಿಗಾಗಿ ಮೂರು ಬಂಕು ಬದಲಾಯಿಸಿದ್ದಾರೆ, ದಿನಾ ಟೈರಿನ ಗಾಳಿ ನೋಡಿಸುತ್ತಾರೆ, ಭಾರವಾಗುತ್ತದೆಂದು ಡಿಕ್ಕಿಯಲ್ಲಿದ್ದ ಕೊಡೆಯನ್ನೂ ಮನೆಯಲ್ಲಿಟ್ಟಿದ್ದಾರೆ. ಕೊನೆಗೊಂದು ಬೆಳಗ್ಗೆ ಬಾಗಲಕೋಟೆ ಕಡೆಯ ಮೆಕ್ಯಾನಿಕ್ ಬಸಲಿಂಗ ಪಕ್ಕದಲ್ಲೇ ಕೂತು ನೋಡಿದ. ಪಟ್ಟಂದೂರು ಅಗ್ರಹಾರ ದಾಟುವಷ್ಟರಲ್ಲಿ ಕಾರು ಹತ್ತು ಸಲ ನಿಂತು, ಕಟ್ಟಡದ ಕೆಲಸಕ್ಕೆ ನಡೆದು ಹೊರಟಿದ್ದ ಒಂಬತ್ತು ಹೆಂಗಸರನ್ನು ಬಾಂಡಲಿ, ಬುತ್ತಿಗಳ ಸಮೇತ ತುಂಬಿಕೊಂಡಿತ್ತು. "ಗಾಡೀದೇನ್ ತಪ್ಪಿಲ್ರಿ ಅಣ್ಣಾರ," ಎಂದ ಬಸಲಿಂಗ. "ಇಷ್ಟ್ ಮಂದೀನ ಹೇರ್ಕೊಂಡು ಹೆಜ್ಜಿಗೊಮ್ಮೆ ನಿಂತ್ರ ಯಾವ ಗಾಡಿ ಮೈಲೇಜ್ ಕೊಡ್ತೈತ್ರಿ? ಹತ್ತಿಸ್ಕೋಬ್ಯಾಡ್ರಿ, ಹತ್ತು ಬರ್ತೈತಿ." ರೆಡ್ಡಿಯವರು, ಲಾರಿಗಳಿಂದ ಮೈ ತಪ್ಪಿಸಿಕೊಳ್ಳುತ್ತ ಮೋರಿಯಂಚಿನಲ್ಲಿ ಬರುತ್ತಿದ್ದ ಮುದುಕಿ ಸಿದ್ದಕ್ಕನ ಪಕ್ಕ ಮತ್ತೆ ಬ್ರೇಕು ಹಾಕಿದರು. "ಈ ರಸ್ತೆಗೆ ಜಮೀನು ಬಿಟ್ಕೊಟ್ಟೋನು ನಾನೇ ಕಣಪ್ಪ," ಎಂದರು ಆಮೇಲೆ, ಮೆಲ್ಲಗೆ. "ನಡೆಯೋರಿಗೆ ಅಂತ ನಾಕಡಿ ಜಾಗ ಬಿಡಿಸಿ ಅಂತ ಕೇಳೋಕೆ ಅವತ್ತು ಹೊಳೀಲಿಲ್ಲ." ಬಸಲಿಂಗ ಬಾಗಿಲು ತೆಗೆದು ಇಳಿದು, ಸಿದ್ದಕ್ಕನನ್ನು ಮುಂದಿನ ಸೀಟಿಗೆ ಹತ್ತಿಸಿ, ತಾನು ಹಿಂದೆ ಬುತ್ತಿಗಳ ನಡುವೆ ನುಸುಳಿಕೊಂಡ.