ವಿಮೆ ಮುಗಿದ ಕಾರು, ಸುರಪುರದ ತೊಟ್ಟಿಲು

ಶಹಾಪುರ ದಾಟಿ ಸುರಪುರದ ಕಡೆಗೆ ಹೋಗುವಾಗ ಸಿಗುವ ಕಾಲುವೆ ಸೇತುವೆಯ ಬಲಕ್ಕೆ, ಚಹಾದಂಗಡಿಯ ಚಪ್ಪರದ ಕೆಳಗೆ ನಾನು ನಿಂತಿದ್ದೆ. ಬೆಳಿಗ್ಗೆ ಹತ್ತು ಗಂಟೆ ಆಗಿತ್ತು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು.

ಕಾರು ಕೊಂಕಲ್‌ನ ನನ್ನ ಸೋದರಮಾವ ಶರಣಪ್ಪನವರದು. ಕಾಲುವೆ ನೀರಿನ ಭತ್ತ ಮಾರಿ ಕೊಂಡ ಹಳೆಯ ಗಾಡಿ. ಸುರಪುರದ ಮಗಳ ಮನೆಗೆ ಮೊಮ್ಮಗಳ ತೊಟ್ಟಿಲು ಒಯ್ಯಲು ಹೊರಟವರು ಯಾದಗಿರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡಿದ್ದರು. ತೊಟ್ಟಿಲು ಹಿಂದಿನ ಗಾಜನ್ನು ಪೂರ್ತಿ ಮುಚ್ಚಿತ್ತು. ಚಹಾ ಕುಡಿದು ಮಾವ ಕಾರನ್ನು ಹಿಂದಕ್ಕೆ ತೆಗೆದರು. ನಾನು ಕೂಗುವಷ್ಟರಲ್ಲಿ, ಅಲ್ಲೇ ಹಿಂದೆ ಸೈಕಲ್ ರಿಪೇರಿ ಮಾಡುತ್ತಿದ್ದ ಭೀಮರಾಯ ಕಾರು ಬಡಿದು ಸೈಕಲ್ ಸಮೇತ ಬಿದ್ದ. ಎಡಗೈ ಮುರಿಯಿತು.

ಅದೇ ಕಾರಿನಲ್ಲಿ ಅವನನ್ನು ಶಹಾಪುರದ ಆಸ್ಪತ್ರೆಗೆ ಒಯ್ದೆವು. ಹವಾಲ್ದಾರರು ಬಂದು ಕಾಗದ ಕೇಳಿದರು. ವಿಮೆ ಮುಗಿದು ಮೂರು ತಿಂಗಳಾಗಿತ್ತು. ಮಾವ ಅಳುಕಲಿಲ್ಲ.

"ನೀರಿನ ಕರ ಎರಡು ವರ್ಷದ್ದು ಬಾಕಿ ಐತ್ರಿ ಸಾಹೇಬ್ರ. ಆದ್ರೂ ಕಾಲುವಿಗಿ ನೀರು ಬರ್ತಾವ. ಇದೂ ಹಂಗ, ಹಿಂದಿಂದ ಕಟ್ಟಿದ್ರಾತು."

"ಕಾಲುವಿ ಹಿಂದಕ್ಕ ಹರದು ಯಾರ ಕೈನೂ ಮುರದಿಲ್ರಿ, ಗೌಡ್ರ," ಎಂದರು ಹವಾಲ್ದಾರರು.

ವಿಮೆಯಿಲ್ಲದೆ ಓಡಿಸಿದ್ದಕ್ಕೆ ಕೋರ್ಟಿನಲ್ಲಿ ದಂಡ ಬೀಳಬಹುದು, ಜೈಲೂ ಆಗಬಹುದು. ಭೀಮರಾಯನ ಪರಿಹಾರವನ್ನು ನೀವೇ ಕೈಯಿಂದ ಕೊಡಬೇಕು. ಸದ್ಯ ಕಾರು ಠಾಣೆಯಲ್ಲಿರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಮಾವನಿಗೆ ಕೊನೆಯ ಮಾತು ಮಾತ್ರ ನಾಟಿತು. ನೇರ ಬಜಾರಿಗೆ ಹೋಗಿ ಹೊಸ ಪಾಲಿಸಿ ಮಾಡಿಸಿಕೊಂಡು ಬಂದು ಭೀಮರಾಯನ ಮುಂದೆ ಹಿಡಿದರು.

"ಇನ್ನ ಚಿಂತಿ ಬಿಡೋ ತಮ್ಮಾ. ಕಟ್ಟಿ ಬಂದೀನಿ."

ಭೀಮರಾಯ ನನ್ನಿಂದ ಅದನ್ನು ಓದಿಸಿದ. ವಿಮೆ ಅಂದಿನ ಮಧ್ಯಾಹ್ನದಿಂದ ಮುಂದಕ್ಕೆ ಮಾತ್ರ ಇತ್ತು.

"ಹಂಗಾದ್ರ ಗೌಡ್ರ, ಸಂಜಿಗಿ ಬಂದು ಇದಕ್ಕ ಹೊಡೀರಿ," ಎಂದು ಬಲಗೈ ಚಾಚಿದ.

ತೊಟ್ಟಿಲನ್ನು ಬಸ್ಸಿನ ಮೇಲೆ ಕಟ್ಟಿ ಸುರಪುರಕ್ಕೆ ಹೋದೆವು. ತೊಟ್ಟಿಲಿಗೂ ಕಂಡಕ್ಟರ್ ಟಿಕೆಟ್ ಹರಿದ. ಕಾರೆಲ್ಲಿ ಎಂದು ಮಗಳು ಕೇಳಿದಳು.

"ಸರ್ಕಾರದ ಮನ್ಯಾಗ ಐತವ್ವ," ಎಂದರು ಮಾವ. ಊಟಕ್ಕೆ ಹೋಳಿಗೆ ಇತ್ತು. ಅವರು ಒಂದನ್ನೂ ಪೂರ್ತಿ ತಿನ್ನಲಿಲ್ಲ.

ಮುಂದೆ ಕೋರ್ಟಿನಲ್ಲಿ ನಾನು ಕಂಡಷ್ಟನ್ನೇ ಹೇಳಿದೆ. ಮಾವನಿಗೆ ದಂಡವಾಯಿತು. ಪರಿಹಾರಕ್ಕೆ ಕೈಯಲ್ಲಿ ಹಣವಿರಲಿಲ್ಲ. ಕೊನೆಗೆ ರಾಜಿಯಾಗಿ ಕಾರನ್ನೇ ಭೀಮರಾಯನಿಗೆ ಬರೆದುಕೊಟ್ಟರು. ಅವನು ಮೊದಲು ವಿಮೆ ಕಟ್ಟಿದ, ಆಮೇಲೆ ಓಡಿಸಲು ಕಲಿತ.

ಮಾವ ಈಗಿಲ್ಲ, ಚಹಾದಂಗಡಿಯವನೂ ಇಲ್ಲ. ಅಂದು ಕಂಡವರಲ್ಲಿ ಉಳಿದವರು ನಾನು ಮತ್ತು ಭೀಮರಾಯ. ಅವನು ಈಗಲೂ ಗಾಡಿ ಹಿಂದಕ್ಕೆ ತೆಗೆಯುವ ಮುಂಚೆ ಕೆಳಗಿಳಿದು, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿ ಬರುತ್ತಾನೆ.